ತಾಯಿ ಚಿಟ್ಟೆಯ ಕಣ್ಣು

ಹೊಂಗೆಪಾಳ್ಯದಲ್ಲಿ ಒಂದು ಕಾಲಕ್ಕೆ ಯಾರು ಅಳುತ್ತಿದ್ದಾರೆ, ಯಾರು ಸುಮ್ಮನೆ ಕಣ್ಣುಜ್ಜಿಕೊಳ್ಳುತ್ತಿದ್ದಾರೆ ಎಂದು ಹೇಳುವುದೇ ಕಷ್ಟವಾಗಿತ್ತು. ಧಾರೆಯ ಹೊತ್ತಿನಲ್ಲಿ ಮದುಮಗಳ ಕಣ್ಣಲ್ಲಿ ನೀರು ಕಂಡು ಬೇರೆ ಊರಿನ ಬೀಗರು ಮರುಗಿದರೆ, ಈ ಊರಿನವರು ಮುಸಿಮುಸಿ ನಗುತ್ತಿದ್ದರು. ಅದು ತವರು ಬಿಡುವ ದುಃಖವಲ್ಲ, ಚಿಟ್ಟೆಯ ಹುಡಿ ಎಂದು ಅವರಿಗೆ ಗೊತ್ತು. ಪಂಚಾಯಿತಿ ಅಧ್ಯಕ್ಷರೊಬ್ಬರು ಕಣ್ಣುಜ್ಜುತ್ತಲೇ ಭಾಷಣ ಮಾಡಿ, ಬಡವರ ಮೇಲೆ ಬಲು ಕನಿಕರ ಉಳ್ಳವರು ಎಂದು ಹೆಸರು ಗಿಟ್ಟಿಸಿ, ಎರಡು ಚುನಾವಣೆ ಗೆದ್ದಿದ್ದರು.

ಊರು ಬದುಕುವುದು ರೇಷ್ಮೆ ಹುಳುವಿನ ಮೊಟ್ಟೆಯಿಂದ. ಸುತ್ತಲಿನ ಸೀಮೆಯವರು ಹುಳು ಸಾಕಿ ಗೂಡು ಮಾರುತ್ತಾರೆ; ಆ ಹುಳುಗಳ ಮೊಟ್ಟೆ ತಯಾರಾಗುವುದು ಮಾತ್ರ ಇಲ್ಲಿನ ಬಿತ್ತನೆ ಕೋಠಿಗಳಲ್ಲಿ. ಗೂಡು ತೂರಿಕೊಂಡು ಚಿಟ್ಟೆಗಳು ಹೊರಬರುವ ಬೆಳಗ್ಗೆ ಕೋಠಿಯ ಬಾಗಿಲಲ್ಲಿ ನಿಂತರೆ ಒಳಗಿನ ಗಾಳಿಯೇ ಬೆಳ್ಳಗೆ ಕಾಣುತ್ತದೆ. ಅವುಗಳ ರೆಕ್ಕೆಯಿಂದ ಉದುರಿದ ಹುಡಿ ಅದು. ಕಣ್ಣಿಗೆ ಹೋಯಿತೆಂದರೆ ಮುಗಿಯಿತು. ಕಣ್ಣು ಕಿತ್ತು ಕೈಯಲ್ಲಿಟ್ಟುಕೊಂಡು ಕೆರೆಯಬೇಕು ಎನಿಸುವಂಥ ಕೆರೆತ.

ಆ ಕೆರೆತವನ್ನು ಊರಿನಿಂದ ಓಡಿಸಿದವನು ಲೋಹಿತ್. ಅಲ್ಲಿನ ಕಣ್ಣಾಸ್ಪತ್ರೆಯ ಪ್ರಯೋಗಾಲಯದಲ್ಲಿ ಎಂಜಿನಿಯರ್. ಇದು ಎರಡು ಸಾವಿರದ ಅರವತ್ತರ ಆಸುಪಾಸಿನ ಮಾತು. ಲೋಹಿತ್, ಸಿಂಚನ ಎಂಬ ಹೆಸರುಗಳೆಲ್ಲ ಆಗಲೇ ನಡುವಯಸ್ಸಿನವರ ಹೆಸರುಗಳಾಗಿಬಿಟ್ಟಿದ್ದವು. ಸಿಂಚನ ಅವನ ಹೆಂಡತಿ. ಕೋಠಿಯಲ್ಲಿ ತಾಯಿ ಚಿಟ್ಟೆ ಪರೀಕ್ಷೆ ಅವಳ ಕೆಲಸ. ಮೊಟ್ಟೆಯಿಟ್ಟು ಮುಗಿಸಿದ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ತಾಯಿಯಿಂದ ಮೊಟ್ಟೆಗೆ ದಾಟಿ ಹುಳುಗಳನ್ನು ಕೊಲ್ಲುವ ಗಂಟುರೋಗದ ಕಣ ಇದೆಯೇ ಎಂದು ನೋಡಬೇಕು. ಒಂದು ಕಣ ಕಂಡರೂ ಆ ತಾಯಿಯ ಮೊಟ್ಟೆಗಳನ್ನೆಲ್ಲ ಸುಡಬೇಕು. ಹೆಂಡತಿ ದಿನಾ ಕೆಂಡದಂಥ ಕಣ್ಣು ಹೊತ್ತು ಮನೆಗೆ ಬರುವುದನ್ನು ನೋಡಲಾರದೆ ಲೋಹಿತ್ ಹನಿಪೊರೆ ಮಾಡಿದ.

ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ, ಅಕ್ಕಿಕಾಳಿಗಿಂತ ಚಿಕ್ಕದಾದ ಪೊರೆ. ಕೆಳರೆಪ್ಪೆಯೊಳಗೆ ಸೇರಿಸಿಕೊಂಡರೆ ಇದೆಯೆಂಬುದೇ ಮರೆತುಹೋಗುತ್ತದೆ. ಅದರ ಕೆಲಸ ಸರಳ. ನಮ್ಮ ಕಣ್ಣಿನ ಬಿಳಿಯ ಮೇಲಿನ ಪದರದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಅವುಗಳ ಹೊಟ್ಟೆ ತುಂಬ ಹಿಸ್ಟಮಿನ್ ಎಂಬ ರಾಸಾಯನಿಕ. ಒಗ್ಗದ ಹುಡಿ ತಾಕಿತೋ, ಆ ಕೋಶಗಳು ಬಿರಿದು ಹಿಸ್ಟಮಿನ್ ಚೆಲ್ಲುತ್ತವೆ; ಅದು ನರವನ್ನು ಮುಟ್ಟಿದರೆ ಕೆರೆತ, ರಕ್ತನಾಳವನ್ನು ಮುಟ್ಟಿದರೆ ಕೆಂಪು, ನೀರು. ಹನಿಪೊರೆ ಕಣ್ಣೀರಿನಲ್ಲಿ ಹಿಸ್ಟಮಿನ್ನಿನ ಸುಳಿವು ಸಿಕ್ಕ ಕೂಡಲೇ ತನ್ನೊಳಗಿನ ಆಂಟಿಹಿಸ್ಟಮಿನ್ ಮದ್ದನ್ನು ಸ್ವಲ್ಪವೇ ಬಿಡುತ್ತದೆ. ಹಿಸ್ಟಮಿನ್ ಕೂರಬೇಕಾದ ಜಾಗದಲ್ಲಿ ಮದ್ದು ಹೋಗಿ ಕೂತುಬಿಡುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಕೆರೆತ ಮಾಯ.

ಒಂದೇ ವರ್ಷದಲ್ಲಿ ಊರಿಗೆ ಊರೇ ಕಣ್ಣುಜ್ಜುವುದನ್ನು ಮರೆಯಿತು. ಲೋಹಿತ್ ಸಂತೆಗೆ ಹೋದರೆ ಸೊಪ್ಪಿನವರು ಒಂದು ಕಂತೆ ಹೆಚ್ಚಿಗೆ ಹಾಕುತ್ತಿದ್ದರು. ಅವನೂ ಬೇಡ ಬೇಡ ಎನ್ನುತ್ತಲೇ ಚೀಲದ ಬಾಯಿ ಅಗಲಿಸುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ, ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಸಿಂಚನ ಬಲಗಣ್ಣು ಮುಚ್ಚಿಕೊಂಡು ಗಂಡನನ್ನು ದಿಟ್ಟಿಸಿದಳು.

"ರೀ, ಈ ಕಣ್ಣಲ್ಲಿ ನೋಡಿದ್ರೆ ನಿಮ್ಗೆ ಮೂಗೇ ಇಲ್ಲ ಕಣ್ರೀ."

"ಇರೋ ಮೂಗು ನೋಡಿ ನೋಡಿ ಬೇಜಾರಾಗಿರ್ಬೇಕು."

"ತಮಾಷೆ ಅಲ್ಲ. ಎಡಗಣ್ಣಲ್ಲಿ ಮಂಜು ಮಂಜು ಐತೆ. ಒಂದು ವಾರದಿಂದ."

"ಕೆರೀತಾ ಇದ್ಯಾ?"

"ಇಲ್ಲ."

"ಕೆಂಪಗಿದ್ಯಾ? ಇಲ್ವಲ್ಲ. ಮತ್ತೇನು? ನಿದ್ದೆ ಕಮ್ಮಿ ಆಗಿರ್ತದೆ ಬುಡು."

ಬೇರೆ ಊರಿನ ಯಾರೇ ಆಗಿದ್ದರೂ ಹೆಂಡತಿಯನ್ನು ಆ ಗಳಿಗೆಗೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೊಂಗೆಪಾಳ್ಯದಲ್ಲಿ ಮಾತ್ರ ಕಣ್ಣಿನ ಕಾಯಿಲೆ ಎಂದರೆ ಕೆರೆತ. ಕೆರೆತ ಇಲ್ಲವೆಂದರೆ ಕಾಯಿಲೆ ಇಲ್ಲ. ಹನಿಪೊರೆ ಮಾಡಿದವನೇ ಹಾಗೆ ಅಂದಮೇಲೆ ಸಿಂಚನ ಅಕ್ಕಿಯ ಕಡೆ ತಿರುಗಿದಳು. ಆದರೆ ಮರುದಿನ ಸ್ಕೂಟರಿನಲ್ಲಿ ಕೋಠಿಗೆ ಹೋಗುವಾಗ ಎಡಗಡೆಯಿಂದ ಬಂದ ಎಮ್ಮೆ ಅವಳಿಗೆ ಕಾಣಲೇ ಇಲ್ಲ. ಎಮ್ಮೆಗೆ ಏನೂ ಆಗಲಿಲ್ಲ. ಅವಳ ಮೊಣಕೈ ತರಚಿತು. ಲೋಹಿತನ ಎದೆ ಆಗ ಝಲ್ಲೆಂದಿತು.

ಅದಕ್ಕೆ ಕಾರಣವಿತ್ತು. ಮದುವೆಗೆ ಮುಂಚೆ, ಹನಿಪೊರೆ ಇಲ್ಲದ ಕಾಲದಲ್ಲಿ, ಸಿಂಚನ ಕೆರೆತ ತಾಳಲಾರದೆ ಮೆಡಿಕಲ್ ಅಂಗಡಿಯಿಂದ ಸ್ಟೆರಾಯ್ಡ್ ಹನಿ ತಂದು ವರ್ಷಗಟ್ಟಲೆ ಬಿಟ್ಟುಕೊಂಡಿದ್ದಳು. ಬಲಗಣ್ಣಿಗೇ ಹೆಚ್ಚು. ಕೆರೆತವೇನೋ ಹೋಗುತ್ತಿತ್ತು, ಆದರೆ ಒಳಗೆ ಕಣ್ಣಿನ ಒತ್ತಡ ಏರಿ ನರ ಸವೆಯಿತು. ಅಂದಿನಿಂದ ಅವಳ ಬಲಗಣ್ಣಿಗೆ ನಡುವಿನದ್ದು ಚೊಕ್ಕವಾಗಿ ಕಾಣುತ್ತದೆ, ಸುತ್ತಲಿನದ್ದು ಇಲ್ಲ. ಸೂಕ್ಷ್ಮದರ್ಶಕದ ಕೊಳವೆಗೆ ಅಷ್ಟು ಧಾರಾಳವಾಗಿ ಸಾಕು. ರಸ್ತೆ ದಾಟುವುದಕ್ಕೆ, ಒಲೆಯ ಮುಂದೆ ನಿಲ್ಲುವುದಕ್ಕೆ, ಮನೆಗೆ ಬಂದವರ ಮುಖ ನೋಡುವುದಕ್ಕೆಲ್ಲ ಅವಳು ನಂಬಿದ್ದು ಎಡಗಣ್ಣನ್ನು. ಅದೂ ಹೋದರೆ ಅವಳ ಪಾಲಿಗೆ ಪ್ರಪಂಚ ಒಂದು ಕೊಳವೆಯಷ್ಟೇ ಉಳಿಯುತ್ತದೆ.

ಕಣ್ಣಿನ ಡಾಕ್ಟರ್ ಫರ್ಹೀನ್ ಅದೇ ಊರಿನವರು, ಗೂಡಿನಿಂದ ನೂಲು ಬಿಚ್ಚುವ ಮನೆತನದ ಹೆಣ್ಣುಮಗಳು. ಮಾತು ಕಡಿಮೆ, ಮೂಗಿನ ತುದಿಯಲ್ಲಿ ಕೋಪ. ಸಿಂಚನಳ ಎಡಗಣ್ಣಿನ ಮೇಲುರೆಪ್ಪೆಯನ್ನು ಮಗುಚಿ ನೋಡಿ, ಅವರು ಲೋಹಿತನನ್ನು ಕೈಸನ್ನೆಯಲ್ಲೇ ಕರೆದರು. ರೆಪ್ಪೆಯ ಒಳಮೈ ತುಂಬ ದಾಳಿಂಬೆ ಬಿಡಿಸಿಟ್ಟಂತೆ ಗುಳ್ಳೆಗಳು. ಅವು ಉಜ್ಜಿ ಉಜ್ಜಿ ಕಪ್ಪುಗುಡ್ಡೆಯ ಗಾಜಿನಂಥ ಮೈಮೇಲೆ ಬೂದು ಬಣ್ಣದ ಒಂದು ಹುಣ್ಣಾಗಿತ್ತು.

"ಇಷ್ಟು ಬಾವು ಇದೆ. ಇವರಿಗೆ ಒಂಚೂರೂ ಕೆರೆತ ಇಲ್ಲ," ಎಂದರು ಫರ್ಹೀನ್. "ಕೆರೆತ ಅನ್ನೋದು ಬಾಗಿಲ ಬೆಲ್ಲು ಅಷ್ಟೇ, ಲೋಹಿತ್. ನೀವು ಬೆಲ್ಲಿನ ವೈರು ಕಿತ್ತುಹಾಕಿದ್ರಿ. ಬರೋರು ಬರ್ತಾನೇ ಇದ್ರು."

ಲೋಹಿತ್ ಬಗ್ಗಿ ಆ ಹುಣ್ಣನ್ನೇ ಇನ್ನೊಮ್ಮೆ ನೋಡಿದ. ಫರ್ಹೀನ್ ಮುಂದುವರಿಸಿದರು.

"ಹುಣ್ಣು ಇನ್ನೂ ನಡುವಿಗೆ ಬಂದಿಲ್ಲ. ಕೆರೆದು ತೆಗೀಬಹುದು. ಆದ್ರೆ ಬಾವು ನಿಲ್ಲದೇ ತೆಗೆದ್ರೆ ಮತ್ತೆ ಬರುತ್ತೆ, ಕಲೆ ಉಳಿಯುತ್ತೆ. ಬಾವು ನಿಲ್ಸೋಕೆ ಸ್ಟೆರಾಯ್ಡ್ ಕೊಡೋ ಹಾಗಿಲ್ಲ, ಇವರ ನರ ತಡಿಯಲ್ಲ. ಬೇರೆ ಔಷಧಿ ಕೆಲಸ ಶುರು ಮಾಡೋಕೆ ತಿಂಗಳುಗಳು ಬೇಕು. ಅಷ್ಟು ಟೈಮು ಈ ಹುಣ್ಣು ಕೊಡಲ್ಲ."

"ಬಲಗಣ್ಣು?" ಎಂದು ಕೇಳಿದವಳು ಸಿಂಚನ.

ಫರ್ಹೀನ್ ಬಲಗಣ್ಣಿನ ರೆಪ್ಪೆಯನ್ನೂ ಮಗುಚಿದರು. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ನೋಡಿದರು. ಅಲ್ಲಿ ಗುಳ್ಳೆಯ ಸುಳಿವೇ ಇರಲಿಲ್ಲ. ಹಸುಗೂಸಿನ ಕಣ್ಣಿನಷ್ಟು ನುಣುಪು. ಒಂದೇ ಮುಖ, ಒಂದೇ ಗಾಳಿ, ಒಂದೇ ಹುಡಿ, ಒಂದೇ ಬಗೆಯ ಹನಿಪೊರೆ. ಒಂದು ಕಣ್ಣು ಹಾಳು, ಇನ್ನೊಂದು ತಿಳಿನೀರು.

"ಈ ಬಲಗಣ್ಣು ಹೇಗೆ ಬಚಾವಾಯ್ತು ಅಂತ ಗೊತ್ತಾದ್ರೆ," ಎಂದರು ಫರ್ಹೀನ್, "ಎಡಗಣ್ಣು ಉಳಿಯುತ್ತೆ."

ಆಸ್ಪತ್ರೆಗೆ ಆಗತಾನೆ ಒಳನೋಟ ಎಂಬ ಯಂತ್ರ ಬಂದಿತ್ತು. ಕಣ್ಣಿಗೆ ಬಣ್ಣ ಹಾಕದೆ, ಸೂಜಿ ಚುಚ್ಚದೆ, ಪಕ್ಕದಿಂದ ಮೆತ್ತನೆಯ ಬೆಳಕೊಂದನ್ನು ಹಾಯಿಸಿ ಬದುಕಿರುವ ಕೋಶಗಳನ್ನು ಬದುಕಿರುವಂತೆಯೇ ತೆರೆಯ ಮೇಲೆ ತೋರಿಸುವ ಯಂತ್ರ. ಸಿಂಚನ ಅದರ ಮುಂದೆ ಗಲ್ಲ ಊರಿ ಕೂತಳು. ಅವಳ ಎಡಗಣ್ಣಿನ ಬಿಳಿಯ ಒಂದು ಸಾಸಿವೆಯಷ್ಟು ಜಾಗ ಪಕ್ಕದ ದೊಡ್ಡ ತೆರೆಯಲ್ಲಿ ತೆರೆದುಕೊಂಡಿತು.

ಲೋಹಿತ್ ಹೆಂಡತಿಯ ಆ ಕಣ್ಣನ್ನು ಹದಿನೈದು ವರ್ಷದಿಂದ ನೋಡುತ್ತ ಬಂದಿದ್ದ. ಅದರೊಳಗೆ ಇಷ್ಟು ದೊಡ್ಡ ನಾಡೊಂದು ಇದೆಯೆಂದು ಅವನಿಗೆ ತಿಳಿದಿರಲಿಲ್ಲ. ರಕ್ತನಾಳಗಳು ಕವಲೊಡೆದು ಹೊಳೆಗಳಾಗಿ ಹರಿಯುತ್ತಿದ್ದವು. ಕೆಂಪುಕಣಗಳು ಒಂದರ ಬೆನ್ನಿಗೊಂದು ತಳ್ಳಾಡಿಕೊಂಡು ಓಡುತ್ತಿದ್ದವು. ದಂಡೆಯುದ್ದಕ್ಕೂ ಮಾಸ್ಟ್ ಕೋಶಗಳು ಹೊಟ್ಟೆ ತುಂಬ ಮಿನುಗುವ ಕಾಳು ತುಂಬಿಕೊಂಡು ಕೂತಿದ್ದವು. ಸಿಂಚನ ಒಮ್ಮೆ ಎಂಜಲು ನುಂಗಿದರೆ ಇಡೀ ನಾಡು ಸಣ್ಣಗೆ ನಡುಗಿ ಮತ್ತೆ ನೆಮ್ಮದಿಯಾಗುತ್ತಿತ್ತು. ಯಾರ ಅಪ್ಪಣೆಯೂ ಇಲ್ಲದೆ, ಯಾರಿಗೂ ತೋರಿಸಿಕೊಳ್ಳದೆ, ಇದೆಲ್ಲ ಅವಳು ಮುದ್ದೆ ತಿರುವುವಾಗಲೂ ಜಗಳವಾಡುವಾಗಲೂ ನಡೆದೇ ಇತ್ತು. ಅವನ ಮೈ ಜುಮ್ಮೆಂದಿತು.

ಫರ್ಹೀನ್ ಚಿಟ್ಟೆಯ ಹುಡಿ ಕಲಸಿದ ನೀರಿನ ಒಂದು ಹನಿ ಬಿಟ್ಟರು. ಮಾಸ್ಟ್ ಕೋಶಗಳು ಒಂದಾದ ಮೇಲೊಂದು ಬಿರಿದು, ಕಾಳುಗಳು ಚೆಲ್ಲಾಪಿಲ್ಲಿಯಾದವು. ಅದೇ ಗಳಿಗೆಗೆ ಹನಿಪೊರೆ ಮದ್ದು ಬಿಟ್ಟಿತು.

"ಕೆರೀತಾ?"

"ಇಲ್ಲ."

"ನೋಡ್ತಾ ಇರಿ," ಎಂದರು ಫರ್ಹೀನ್.

ಊಟದ ಡಬ್ಬಿ ಅಲ್ಲೇ ಖಾಲಿಯಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ತೆರೆಯ ಮೇಲೆ ಬೇರೆ ಆಟ ಶುರುವಾಯಿತು. ಇಯೋಸಿನೋಫಿಲ್ ಎಂಬ ಬಿಳಿಯ ಕಣಗಳು ಹೊಳೆಯ ನಡುವೆ ಓಡುತ್ತಿದ್ದವು, ಈಗ ದಂಡೆಗೆ ಸರಿದು ನಿಧಾನವಾದವು. ರಕ್ತನಾಳದ ಗೋಡೆ ಅವುಗಳನ್ನು ಹಿಡಿಯಲು ಕಣ್ಣಿಗೆ ಕಾಣದ ಅಂಟುಗೊಕ್ಕೆಗಳನ್ನು ಚಾಚಿತ್ತು. ಒಂದು ಉರುಳಿತು, ತಡವರಿಸಿತು, ನಿಂತಿತು. ಆಮೇಲೆ ಗೋಡೆಯ ಸಂದಿನಲ್ಲಿ ಮೈ ತೂರಿಸಿ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಹಿಂಡು. ಗಾಜಿನಂಥ ಕಪ್ಪುಗುಡ್ಡೆಯ ಮೈಯನ್ನು ತಿನ್ನುವ ವಿಷ ಅವುಗಳ ಹೊಟ್ಟೆಯಲ್ಲಿತ್ತು.

ತೆರೆಯ ಈಚೆ ಸಿಂಚನ ಏನೂ ಆಗದವಳಂತೆ ಕಾಲು ಅಲ್ಲಾಡಿಸುತ್ತ ಕೂತಿದ್ದಳು. ತನ್ನ ಹನಿಪೊರೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಲೋಹಿತನಿಗೆ ಆಗ ಅರ್ಥವಾಯಿತು.

ಬಲಗಣ್ಣಿಗೂ ಅದೇ ಹುಡಿ ಬಿಟ್ಟು ಇನ್ನೊಂದು ದಿನ ಕಾದರು. ಅಲ್ಲಿ ಮಾಸ್ಟ್ ಕೋಶ ಬಿರಿದದ್ದು ಎಲ್ಲೋ ಒಂದೆರಡು. ಬಿಳಿಯ ಕಣಗಳು ದಂಡೆಯ ಕಡೆ ತಿರುಗಿಯೂ ನೋಡದೆ ಹರಿದುಹೋದವು. ಫರ್ಹೀನ್ ಎರಡೂ ಹನಿಪೊರೆಗಳನ್ನು ತೆಗೆದು ಬೆಳಕಿಗೆ ಹಿಡಿದರು. ಎಡಗಡೆಯದರಲ್ಲಿ ಮದ್ದು ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಬಲಗಡೆಯದು ತಳ ಕಂಡಿತ್ತು.

"ಅದು ಯಾವಾಗ್ಲೂ ಹಂಗೇ ಮೇಡಂ," ಎಂದಳು ಸಿಂಚನ. "ಬಲಗಣ್ಣಿಂದು ಬೇಗ ಖಾಲಿ ಆಗ್ತದೆ. ಇವ್ರಿಗೆ ಹೇಳಿದ್ರೆ ಪೀಸು ಸರಿ ಇಲ್ಲ ಅಂತ ಬೇರೆ ಕೊಡ್ತಾರೆ. ಅದೂ ಹಂಗೇ ಆಗ್ತದೆ."

ಮದ್ದು ಹೆಚ್ಚು ಖರ್ಚಾಗಿದೆ ಎಂದರೆ ಆ ಪೊರೆ ಎಲ್ಲೋ ಹೆಚ್ಚು ಹಿಸ್ಟಮಿನ್ ಕಂಡಿದೆ. ಆದರೆ ಅವಳ ಬಲಗಣ್ಣಿನಲ್ಲಿ ಮಾಸ್ಟ್ ಕೋಶ ಬಿರಿದದ್ದು ಒಂದೆರಡಷ್ಟೇ. ಹಾಗಾದರೆ ಯಾರ ಹಿಸ್ಟಮಿನ್? ಲೋಹಿತ್ ತಲೆ ಕೆರೆದುಕೊಂಡ. ಮನೆಯಲ್ಲಿ ಎರಡೂ ಕಣ್ಣು ಒಂದೇ ಹೊಗೆ, ಒಂದೇ ಒಗ್ಗರಣೆ ಕಾಣುತ್ತವೆ. ಎರಡು ಕಣ್ಣಿಗೂ ವ್ಯತ್ಯಾಸ ಇರುವುದು ಅವಳ ಕೆಲಸದಲ್ಲಿ ಮಾತ್ರ. ಮಾರನೆಯ ಬೆಳಗ್ಗೆ ಅವಳ ಜೊತೆ ಕೋಠಿಗೆ ಹೊರಟ.

ಆ ದಿನ ಚಿಟ್ಟೆ ಹೊರಬರುವ ದಿನವಾಗಿತ್ತು. ತಟ್ಟೆ ತಟ್ಟೆಗಳಲ್ಲಿ ಗೂಡಿನ ತುದಿ ಒದ್ದೆಯಾಗಿ, ಅಲ್ಲಿಂದ ಬಿಳಿಯ ತಲೆಯೊಂದು ಇಣುಕಿ, ಒದ್ದೆ ರೆಕ್ಕೆ ಎಳೆದುಕೊಂಡು ಚಿಟ್ಟೆ ಹೊರಗೆ ಬರುತ್ತಿತ್ತು. ಗಂಡುಗಳು ರೆಕ್ಕೆ ಪಟಪಟಿಸಿ ಹೆಣ್ಣುಗಳ ಸುತ್ತ ಗಿರಕಿ ಹೊಡೆಯುತ್ತಿದ್ದವು. ಹೆಂಗಸರು ಎರಡೂ ಕೈಯಲ್ಲಿ ಜೋಡಿ ಕೂಡಿಸುತ್ತಿದ್ದರು. ಗಾಳಿಯಲ್ಲಿ ಬಿಳಿಯ ಹುಡಿ ತೇಲುತ್ತಿತ್ತು, ಒಬ್ಬರೂ ಕಣ್ಣು ಮುಟ್ಟಿಕೊಳ್ಳುತ್ತಿರಲಿಲ್ಲ. ಮೊನ್ನೆಯವರೆಗೆ ಈ ನೋಟ ಕಂಡು ಉಬ್ಬಿಹೋಗುತ್ತಿದ್ದ ಲೋಹಿತನಿಗೆ ಈಗ ಅಂಜಿಕೆಯಾಯಿತು.

"ಏನ್ ಸಾರ್, ಹೆಂಡ್ತಿ ಕಾವಲಿಗೆ ಬಂದ್ರಾ?" ಎಂದಳು ರಕ್ಷಿತಾ. ಪರೀಕ್ಷೆಯ ಮೇಜಿನಲ್ಲಿ ಸಿಂಚನಳ ಪಕ್ಕದವಳು.

"ಕಾವಲು ಕಾಯೋಕೆ ಇವ್ಳೇನು ಓಡೋಗ್ತಾಳಾ?" ಎಂದು ಲೋಹಿತ್ ಪೆಚ್ಚುನಗೆ ನಕ್ಕು ಒಂದು ಮೂಲೆಯಲ್ಲಿ ನಿಂತ.

ಸಿಂಚನ ಕೆಲಸಕ್ಕೆ ಕೂತಳು. ಒಣಗಿದ ತಾಯಿ ಚಿಟ್ಟೆಯನ್ನು ಪುಟ್ಟ ಒರಳಿಗೆ ಹಾಕಿ, ಎರಡು ಹನಿ ದ್ರಾವಣ ಬಿಟ್ಟು ಅರೆದಳು. ರಸದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಮುಟ್ಟಿಸಿದಳು. ಒರಳನ್ನು ಒಂದು ಬಟ್ಟೆಯಿಂದ ಒರೆಸಿದಳು. ಬೆವರಿನಿಂದ ಸೂಕ್ಷ್ಮದರ್ಶಕದ ಕಣ್ಣಿಡುವ ಗಾಜು ಮಬ್ಬಾಗಿತ್ತು. ಅದೇ ಬಟ್ಟೆಯಿಂದ ಅದನ್ನೂ ಒರೆಸಿ, ಬಲಗಣ್ಣು ಇಟ್ಟಳು. ಹಳೆಯ ಕಾಲದ ಒಂಟಿ ಕೊಳವೆಯ ಯಂತ್ರ ಅದು; ರೆಪ್ಪೆ ತಾಗುವಷ್ಟು ಹತ್ತಿರ ಹೋದರೇ ಕಾಣುವುದು.

"ಏ! ಒರಳು ಒರ್ಸಿದ ಬಟ್ಟೇಲೇ ಕಣ್ಣಿಡೋ ಜಾಗಾನೂ ಒರೆಸ್ತೀಯಲ್ಲೇ!"

"ಎಲ್ರೂ ಹಂಗೇ ಮಾಡದು ಕಣ್ರೀ. ಚಿಟ್ಟೆಗೊಂದು ಬಟ್ಟೆ, ಗಾಜಿಗೊಂದು ಬಟ್ಟೆ ಅಂತ ಕೂತ್ರೆ ಮೊಟ್ಟೆ ಒಡ್ದು ಹುಳ ಆಚೆ ಬತ್ತವೆ."

ಲೋಹಿತನಿಗೆ ಸಿಟ್ಟು ನೆತ್ತಿಗೇರಿತು. ಬಲಗಣ್ಣಿಗೆ ದಿನವಿಡೀ ಚಿಟ್ಟೆಯ ರಸವನ್ನೇ ಬಳಿದುಕೊಂಡಿದ್ದಾಳೆ! ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಬಳಿದುಕೊಂಡ ಕಣ್ಣೇ ಅಲ್ಲವೇ ಚೆನ್ನಾಗಿರುವುದು? ಪಕ್ಕಕ್ಕೆ ತಿರುಗಿ ರಕ್ಷಿತಾಳನ್ನು ನೋಡಿದ. ಅವಳು ಎಡಗಣ್ಣಿನಿಂದ ನೋಡುವವಳು.

ಸಂಜೆ ಫರ್ಹೀನ್ ಪರೀಕ್ಷೆಯ ಮೇಜಿನ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ರೆಪ್ಪೆ ಮಗುಚಿದರು. ಕೊಳವೆಗೆ ಇಡುವ ಕಣ್ಣು ಎಲ್ಲರದ್ದೂ ನುಣುಪು. ಇನ್ನೊಂದು ಕಣ್ಣಿನಲ್ಲಿ ಗುಳ್ಳೆ ಎದ್ದಿತ್ತು, ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಹೆಚ್ಚು. ರಕ್ಷಿತಾಳ ಎಡಗಣ್ಣು ನುಣುಪು, ಬಲಗಣ್ಣಿನಲ್ಲಿ ಗುಳ್ಳೆ.

ಲೋಹಿತ್ ಕೋಠಿಯಿಂದ ತಂದ ಆ ಬಟ್ಟೆಯ ತುಂಡನ್ನು ಪ್ರಯೋಗಾಲಯದಲ್ಲಿ ನೀರಿನಲ್ಲಿ ನೆನೆಸಿ, ಹೊಸ ಹನಿಪೊರೆಯೊಂದನ್ನು ಅದರಲ್ಲಿ ಅದ್ದಿದ. ಪೊರೆ ಕೂಡಲೇ ಮದ್ದು ಬಿಟ್ಟಿತು. ಚಿಟ್ಟೆಯ ರಸದಲ್ಲಿ ಹಿಸ್ಟಮಿನ್! ರೆಕ್ಕೆ, ಹೊಟ್ಟೆ, ಕಾಲು ಎಲ್ಲವನ್ನೂ ಬೇರೆ ಬೇರೆ ಅರೆದು ನೋಡಿದ. ಎಲ್ಲಕ್ಕಿಂತ ಜೋರಾಗಿ ಪೊರೆ ಉತ್ತರ ಕೊಟ್ಟದ್ದು ತಲೆಗೆ.

"ತಲೇಲಿ ಎಲ್ಲಿಂದ ಬಂತು?" ಎಂದ.

ಫರ್ಹೀನ್ ಒಣಗಿದ ಚಿಟ್ಟೆಯೊಂದರ ತಲೆಯನ್ನು ಬೆಳಕಿಗೆ ಹಿಡಿದರು. ಓದಿ ಮರೆತ ಪಾಠವೊಂದು ಅವರಿಗೆ ನೆನಪಾಗುತ್ತಿತ್ತು. ಆಮೇಲೆ ನಿಧಾನವಾಗಿ ಹೇಳಿದರು. "ಕಣ್ಣಿಂದ. ಕೀಟಗಳ ಕಣ್ಣಿಗೆ ಬೆಳಕು ಬಿದ್ದಾಗ ಆ ಸುದ್ದಿನ ಮಿದುಳಿಗೆ ಮುಟ್ಸೋದು ಹಿಸ್ಟಮಿನ್ನೇ. ನಮಗೆ ಕೆರೆತ ಕೊಡುತ್ತಲ್ಲ, ಅದೇ. ಅವು ನೋಡೋದೇ ಅದರಿಂದ."

ಸಿಂಚನ ಮೇಜಿನ ಮೇಲಿದ್ದ ಚಿಟ್ಟೆಯನ್ನು ಅಂಗೈಗೆ ತೆಗೆದುಕೊಂಡಳು. ಮೆಣಸಿನಷ್ಟೂ ಇಲ್ಲದ ಎರಡು ಕಪ್ಪು ಕಣ್ಣುಗಳು. ದಿನವೂ ಅವುಗಳನ್ನು ನೋಡಿದ್ದಳು, ನೋಡಿರಲಿಲ್ಲ.

"ಅಂದ್ರೆ ಇಷ್ಟು ವರ್ಷ ನಾನು ಅರೀತಾ ಇದ್ದಿದ್ದು ಇವುಗಳ ನೋಟಾನಾ?" ಎಂದಳು.

ಒಂದೇ ವಸ್ತು ಒಂದು ಜೀವಕ್ಕೆ ಬೆಳಕು, ಇನ್ನೊಂದಕ್ಕೆ ಉರಿ. ಸೃಷ್ಟಿ ಎಷ್ಟು ಕಡಿಮೆ ಸಾಮಾನಿನಲ್ಲಿ ಎಷ್ಟೆಲ್ಲ ಸಂಸಾರ ನಡೆಸುತ್ತದೆ ಎಂದು ಲೋಹಿತನಿಗೆ ಬೆರಗಾಯಿತು. ಆ ಬೆರಗಿನಲ್ಲೇ ಅವನಿಗೆ ಬಲಗಣ್ಣಿನ ಗುಟ್ಟೂ ಬಿಡಿಸಿಕೊಂಡಿತು.

ಹಿಸ್ಟಮಿನ್ ಬಂದು ಕೂರಲು ನರದ ಮೇಲೂ ರಕ್ತನಾಳದ ಮೇಲೂ ಪುಟ್ಟ ಪುಟ್ಟ ಬಾಗಿಲುಗಳಿವೆ. ಯಾರೂ ತಟ್ಟದಿದ್ದರೂ ಅವು ಗಾಳಿಗೆ ಅಲುಗುವ ಬಾಗಿಲಂತೆ ಆಗಾಗ ತಾವೇ ತೆರೆಯುತ್ತಿರುತ್ತವೆ. ಆಂಟಿಹಿಸ್ಟಮಿನ್ ತಡವಾಗಿ ಬಂದರೆ ಕೆರೆತವನ್ನಷ್ಟೇ ತಡೆಯುತ್ತದೆ; ಬಿಳಿಯ ಕಣಗಳಿಗೆ ಕರೆ ಆಗಲೇ ಹೋಗಿರುತ್ತದೆ. ಮುಂಚೆಯೇ, ಧಾರಾಳವಾಗಿ ಬಂದರೆ ಬಾಗಿಲುಗಳನ್ನೆಲ್ಲ ಎಳೆದು ಚಿಲಕ ಹಾಕುತ್ತದೆ. ಆಗ ಮಾಸ್ಟ್ ಕೋಶಗಳೂ ಬಿರಿಯಲು ಹಿಂಜರಿಯುತ್ತವೆ, ರಕ್ತನಾಳ ಅಂಟುಗೊಕ್ಕೆ ಚಾಚುವುದಿಲ್ಲ. ಲೋಹಿತನ ಪೊರೆ ಬೆಂಕಿ ಬಿದ್ದ ಮೇಲೆ ಚಮಚದಲ್ಲಿ ನೀರು ಕೊಡುವ ಜಿಪುಣ. ಬಲಗಡೆಯ ಪೊರೆ ಮಾತ್ರ, ಚಿಟ್ಟೆಯ ಕಣ್ಣಿನ ಹಿಸ್ಟಮಿನ್ನನ್ನು ಸಿಂಚನಳದೇ ಎಂದು ನಂಬಿ, ಬೆಂಕಿಗೆ ಮುಂಚೆಯೇ ದಿನವಿಡೀ ನೀರು ಸುರಿದಿತ್ತು. ಕೊಳಕು ಬಟ್ಟೆಯೊಂದು ಅವನ ಲೆಕ್ಕಾಚಾರದ ತಪ್ಪನ್ನು ಒಂದು ಕಣ್ಣಿನ ಮಟ್ಟಿಗೆ ತಿದ್ದಿತ್ತು.

"ಹಂಗಾದ್ರೆ ಎಡಗಣ್ಣಿಗೂ ಅದೇ ಬಟ್ಟೆ ಒರ್ಸಿಕೊಳ್ಳಾ?" ಎಂದಳು ಸಿಂಚನ.

"ಬೇಡ ಮಾರಾಯ್ತಿ!" ಎಂದು ಫರ್ಹೀನ್ ಮತ್ತು ಲೋಹಿತ್ ಒಟ್ಟಿಗೇ ಕೂಗಿದರು. ಎಷ್ಟೋ ದಿನದ ಮೇಲೆ ಮೂವರೂ ನಕ್ಕರು.

ಲೋಹಿತ್ ಹೊಸ ಪೊರೆ ಮಾಡಿದ. ಅದು ಹಿಸ್ಟಮಿನ್ ಬರಲಿ ಎಂದು ಕಾಯುವುದಿಲ್ಲ. ಎದ್ದಾಗಿನಿಂದ ಮದ್ದು ಸಮನಾಗಿ ಜಿನುಗಿಸುತ್ತಲೇ ಇರುತ್ತದೆ. ಕೇಳಲು ಸುಲಭ. ಆದರೆ ಬಲಗಣ್ಣು ಚೆನ್ನಾಗಿದ್ದದ್ದು ಮೊದಲಿನಿಂದ. ಎಡಗಣ್ಣು ಆಗಲೇ ಹೊತ್ತಿ ಉರಿಯುತ್ತಿತ್ತು. ಉರಿಯುವ ಕಣ್ಣಿನಲ್ಲೂ ಈ ಚಿಲಕ ಹಿಡಿಯುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಫರ್ಹೀನ್ ಮುಚ್ಚುಮರೆ ಇಲ್ಲದೆ ಸಿಂಚನಳಿಗೆ ಹೇಳಿದರು. ಅಷ್ಟರಲ್ಲಿ ಹುಣ್ಣು ನಡುವಿನ ಕಡೆ ಒಂದು ಕೂದಲೆಳೆಯಷ್ಟು ಸರಿದಿತ್ತು.

ಸಿಂಚನ ಕೋಠಿಗೆ ರಜೆ ಹಾಕಿ ಹೊಸ ಪೊರೆ ಹಾಕಿಕೊಂಡಳು. ಗುಳ್ಳೆಗಳು ಸ್ವಲ್ಪ ತಗ್ಗಿದ ಮೇಲೆ ಫರ್ಹೀನ್ ಹುಣ್ಣಿನ ಬೂದು ಹಕ್ಕಳೆಯನ್ನು ಕೆರೆದು ತೆಗೆದರು. ಕಣ್ಣಿಗೆ ಪಟ್ಟಿ ಬಿತ್ತು. ಆ ದಿನಗಳಲ್ಲಿ ಮನೆಯಲ್ಲಿ ಅಡುಗೆ ಲೋಹಿತನದು. ಬಲಗಣ್ಣಿನ ಕಿರಿದಾದ ನೋಟದಲ್ಲಿ ಸಿಂಚನಳಿಗೆ ತಟ್ಟೆ ಕಂಡರೆ ಲೋಟ ಕಾಣದು, ಲೋಟ ಕಂಡರೆ ಗಂಡ ಕಾಣನು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಓಡಾಡುವ ಅವಳನ್ನು ನೋಡಿದಾಗಲೆಲ್ಲ ಅವನ ಕರುಳು ಚುರ್ರೆನ್ನುತ್ತಿತ್ತು.

"ಹೋದ್ರೆ ಹೋಗ್ಲಿ ಅಂತ ನನ್ ಕೈಲಿ ಅನ್ನಕಾಗಲ್ಲ ಕಣ್ರೀ," ಎಂದಳು ಒಂದು ಮಧ್ಯಾಹ್ನ, ಅನ್ನಕ್ಕೆ ಸಾರು ಕಲಸುತ್ತ. "ನಂಗೆ ಆ ಕಣ್ಣು ಬೇಕು."

"ನಂಗೂ ಬೇಕು," ಎಂದ ಲೋಹಿತ್. ನೀರಿನ ಲೋಟವನ್ನು ಅವಳಿಗೆ ಕಾಣುವ ಕಡೆಗೆ ಸರಿಸಿದ.

ಪಟ್ಟಿ ಬಿಚ್ಚಿದಾಗ ಹುಣ್ಣಿನ ಜಾಗ ಮುಚ್ಚಿಕೊಂಡಿತ್ತು. ಆದರೂ ಫರ್ಹೀನ್ ನಗಲಿಲ್ಲ. ಹುಡಿಯಿಂದ ದೂರವಿದ್ದರೆ ಯಾವ ಕಣ್ಣಾದರೂ ಸುಧಾರಿಸೀತು. ಹುಡಿ ಬಿದ್ದಾಗ ಬಿಳಿಯ ಕಣಗಳು ಮತ್ತೆ ದಂಡೆಯಲ್ಲಿ ನಿಂತರೆ, ಹುಣ್ಣು ಮತ್ತೆ ಬರುತ್ತದೆ. ಎರಡನೆಯ ಸಲ ನಡುವಿಗೇ ಬರುತ್ತದೆ.

"ಕೋಠೀಲಿ ಗೊತ್ತಾಗೋ ಬದ್ಲು ಇಲ್ಲೇ ಗೊತ್ತಾಗ್ಲಿ ಮೇಡಂ," ಎಂದು ಸಿಂಚನ ತಾನೇ ಯಂತ್ರದ ಮುಂದೆ ಹೋಗಿ ಗಲ್ಲ ಊರಿದಳು. "ಹಾಕಿ ಹುಡಿ."

ತೆರೆಯಲ್ಲಿ ಮತ್ತೆ ಆ ನಾಡು ತೆರೆದುಕೊಂಡಿತು. ಹನಿ ಬಿತ್ತು. ಮಾಸ್ಟ್ ಕೋಶಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿರಿಯಿತು, ಮಿಕ್ಕವು ಕಾಳು ತುಂಬಿಕೊಂಡು ಹಾಗೇ ಕೂತವು. ಅದು ಒಳ್ಳೆಯ ಸೂಚನೆ, ಆದರೆ ಬಾವಿನ ಹೊತ್ತು ಇನ್ನೂ ಬಂದಿರಲಿಲ್ಲ. ಸಿಂಚನ ಮಧ್ಯೆ ಮಧ್ಯೆ ಎದ್ದು ಕಾಲಾಡಿಸಿ ಮತ್ತೆ ಬಂದು ಗಲ್ಲ ಊರುತ್ತಿದ್ದಳು. ಮಧ್ಯಾಹ್ನ ಇಳಿಯತೊಡಗಿದಾಗ ಲೋಹಿತ್ ಎದ್ದು ಕಿಟಕಿಯ ಬಳಿ ಹೋಗಿ, ತೆರೆಗೆ ಬೆನ್ನು ಹಾಕಿ ನಿಂತುಬಿಟ್ಟ. ಇನ್ನೊಂದು ಸಲ ಆ ಹಿಂಡನ್ನು ನೋಡುವ ಧೈರ್ಯ ಅವನಲ್ಲಿರಲಿಲ್ಲ.

"ಅದನ್ನ ಈ ಕಡೆ ತಿರುಗ್ಸಿ ಮೇಡಂ," ಎಂದಳು ಸಿಂಚನ. "ಇಡೀ ದಿನ ಚಿಟ್ಟೆ ರಸ ನೋಡೋಳು ನಾನು. ನನ್ನ ಕಣ್ಣು ನಾನೇ ನೋಡ್ಕೋತೀನಿ."

ಫರ್ಹೀನ್ ತೆರೆಯನ್ನು ಅವಳೆದುರಿಗೆ ತಿರುಗಿಸಿದರು. ಪ್ರಯೋಗಾಲಯದಲ್ಲಿ ಯಂತ್ರದ ಸಣ್ಣ ಗುಂಯ್‌ ಸದ್ದು. ಗಂಟುರೋಗದ ಕಣ ಹುಡುಕುವಾಗ ಆಗುವಂತೆ ಸಿಂಚನಳ ಉಸಿರು ನಿಧಾನವಾಯಿತು.

"ಒಂದು ಬಂತು," ಎಂದಳು.

ಲೋಹಿತ್ ಕಿಟಕಿಯ ಸರಳು ಹಿಡಿದುಕೊಂಡ.

"ಗೋಡೆ ಹತ್ರ ಬಂತು. ನಿಧಾನ ಆಯ್ತು."

ಫರ್ಹೀನ್ ತೆರೆಯ ಕಡೆಗೆ ಬಗ್ಗಿದರು.

"ಹೋಯ್ತು," ಎಂದಳು ಸಿಂಚನ. "ಮುಟ್ಟಿ ನೋಡಿ, ಹೊಂಟೇ ಹೋಯ್ತು. ಇನ್ನೊಂದು ಬಂತು. ಅದು ಮುಟ್ಟಲೂ ಇಲ್ಲ. ಅಯ್ಯೋ, ಎಷ್ಟು ಚೆಂದಾಗಿ ಹೋಗ್ತವೆ ಮೇಡಂ ಇವು! ಒಂದೂ ನಿಲ್ತಾ ಇಲ್ಲ."

"ಸಿಂಚನ," ಎಂದರು ಫರ್ಹೀನ್. "ಅಷ್ಟು ಸಣ್ಣದು ಯಾವ ಕಣ್ಣಲ್ಲಿ ನೋಡ್ತಾ ಇದ್ದೀರಿ?"

ಲೋಹಿತ್ ತಿರುಗಿದ. ಸಿಂಚನ ಬಲಗಣ್ಣನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡಿದ್ದಳು. ಎಡಗಣ್ಣು ರೆಪ್ಪೆ ಬಡಿಯದೆ ತೆರೆಯನ್ನು ನೋಡುತ್ತಿತ್ತು, ತೆರೆಯ ಮೇಲೆ ಹರಿಯುತ್ತಿದ್ದದ್ದು ಅದೇ ಎಡಗಣ್ಣಿನ ರಕ್ತ. ಕಣ್ಣೊಂದು ತಾನು ಉಳಿದದ್ದನ್ನು ತಾನೇ ನೋಡುತ್ತಿತ್ತು.

"ಇದ್ರಲ್ಲೇ," ಎಂದಳು ಸಿಂಚನ, ಕೈ ತೆಗೆಯದೆ. "ಸುಮ್ನಿರಿ ಮೇಡಂ, ಇನ್ನೊಂದು ಬರ್ತಾ ಐತೆ."